ರಿಮೋಟಿಗೆ ಬೀಗ ಬೇಡ, ಬಿಲ್ಲಿನಲ್ಲಿ ಒಂದು ಸಾಲು ಹಾಕಿಸಿ

ರಾಜ್ಯದ ಮಾನ್ಯ ಇಂಧನ ಸಚಿವರಿಗೆ, ಜೊತೆಗೆ ಶಿವಮೊಗ್ಗದ ನನ್ನ ಊರಿನವರಿಗೆ,

ನಮಸ್ಕಾರ.

ನಾನು ಶಿವಮೊಗ್ಗದಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡುವವನು. ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ ನನಗೆ ಹೊತ್ತಿಗೆ ಸರಿಯಾಗಿ ಊಟ ಇರುವುದಿಲ್ಲ. ವಿನೋಬನಗರ, ಗೋಪಾಳ, ರವೀಂದ್ರನಗರ, ಆಚೆ ಭದ್ರಾವತಿ, ಈಚೆ ತೀರ್ಥಹಳ್ಳಿ ಅಂತ ಓಡಾಟ. ಮೊದಲೆಲ್ಲ ಈ ಕೆಲಸ ಹೆಚ್ಚಾಗಿ ಬ್ಯಾಂಕು, ನರ್ಸಿಂಗ್ ಹೋಮು, ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಇರುತ್ತಿತ್ತು. ಈಗ ಮನೆಗಳದ್ದೇ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಕಂತಿನಲ್ಲೂ ಸಿಗುತ್ತದೆ. ಮಲೆನಾಡಿಗೆ ಎಸಿ ಯಾಕೆ ಅಂತ ನಗುತ್ತಿದ್ದವರ ಮನೆಯ ಗೋಡೆಯನ್ನೇ ನಾನೀಗ ಕೊರೆಯುತ್ತಿದ್ದೇನೆ.

ಅವರನ್ನು ಆಡಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 36, 37 ಡಿಗ್ರಿ ಮಾಮೂಲಿ. ಮಹಡಿ ಮೇಲಿನ ರೂಮಿನಲ್ಲಿ ವಯಸ್ಸಾದವರೋ, ಬಾಣಂತಿಯೋ, ಕಾಯಿಲೆಯವರೋ ಮಲಗಿದ್ದರೆ ಎಸಿಯನ್ನು ಶೋಕಿ ಅನ್ನಲು ಆಗಲ್ಲ. ನನ್ನ ತಕರಾರು ರಿಮೋಟಿನ ಮೇಲೆ ಕಾಣುವ ನಂಬರಿನದ್ದು. ಬಹಳಷ್ಟು ಮನೆಗಳಲ್ಲಿ ಅದು 18ರಲ್ಲಿ ಇರುತ್ತದೆ. ಕೆಲವು ಕಡೆ 16. ಮಂಚದ ಮೇಲೆ ದಪ್ಪ ರಗ್ಗು ಮಡಚಿಟ್ಟಿರುತ್ತದೆ. ಮನೆಯವರು ಹೇಳುವ ಕಂಪ್ಲೇಂಟು ಎರಡೇ: ಕೂಲಿಂಗ್ ಸಾಲಲ್ಲ, ಬಿಲ್ ಜಾಸ್ತಿ ಬರುತ್ತೆ.

ಈ ನಂಬರಿನ ಬಗ್ಗೆ ದೆಹಲಿಯವರು ತಲೆ ಕೆಡಿಸಿಕೊಂಡಿಲ್ಲ ಅಂತಲ್ಲ. 2020ರ ಜನವರಿ 1ರಿಂದ ದೇಶದಲ್ಲಿ ಮಾರುವ ರೂಮ್ ಎಸಿಗಳೆಲ್ಲ 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ನಿಯಮ ಬಂತು. ಬಿಇಇ, ಅಂದರೆ ಎಸಿಗೆ ಸ್ಟಾರ್ ಕೊಡುವ ಇಂಧನ ದಕ್ಷತಾ ಬ್ಯೂರೋ, ಇದರ ಹಿಂದೆ ಇತ್ತು. ಒಳ್ಳೆಯ ನಿಯಮವೇ. ಆದರೆ ಮನೆಗೆ ತಂದು, ನಾನು ಫಿಟ್ ಮಾಡಿ, ಅಲ್ಲಿಯ ಹುಡುಗ ರಿಮೋಟ್ ಕೈಗೆ ತೆಗೆದುಕೊಂಡ ಮೇಲೆ ಆ 24 ಮುಗಿದ ಹಾಗೆ. ಆಮೇಲೆ ಸಾಮಾನ್ಯವಾಗಿ ಕೊನೆಗೆ ಇಟ್ಟ ನಂಬರೇ ಉಳಿದುಕೊಳ್ಳುತ್ತದೆ. 2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವರು ಇನ್ನೊಂದು ಮಾತು ಹೇಳಿದರು: ಮುಂದೆ ಎಸಿಗಳು 20ರಿಂದ 28ರ ನಡುವೆ ಮಾತ್ರ ಕೆಲಸ ಮಾಡುವಂತೆ ಮಾಡುತ್ತೇವೆ, 20ರ ಕೆಳಗೆ ಹೋಗಲು ಬಿಡಲ್ಲ ಅಂತ.

ಇಲ್ಲಿ ನನಗೆ ಅನುಮಾನ. 16 ಇಟ್ಟುಕೊಳ್ಳುವವರು ಯಾರಿಗೂ 16 ಬೇಕಾಗಿಲ್ಲ. ಆ ರೂಮು ಎಷ್ಟೋ ಸಲ 16ಕ್ಕೆ ಇಳಿಯುವುದೂ ಇಲ್ಲ. ಬೇರೆ ಯಾವುದೋ ತೊಂದರೆಗೆ ಅವರು ಗುಂಡಿ ಒತ್ತುತ್ತಿರುತ್ತಾರೆ. ಬೀಗ ಹಾಕಿದರೆ 20ಕ್ಕೆ ಬಂದು ನಿಲ್ಲುತ್ತಾರೆ, ತೊಂದರೆ ಹಾಗೇ ಇರುತ್ತದೆ.

ಮೊದಲನೆಯದು, 16 ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವ ನಂಬಿಕೆ. ಹಳೆಯ ಮಾದರಿ ಎಸಿಯಲ್ಲಿ ಕಂಪ್ರೆಸರ್‌ಗೆ ಇರುವುದು ಒಂದೇ ವೇಗ. ನೀವು 16 ಇಡಿ, 26 ಇಡಿ, ಅದು ಕೊಡುವ ತಂಪು ಒಂದೇ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರಿನ ಹಾಗೆ. ಟ್ಯಾಂಕ್ ದೊಡ್ಡದು ಅಂತ ನೀರು ಜೋರಾಗಿ ಬರಲ್ಲ, ಮೋಟಾರ್ ಜಾಸ್ತಿ ಹೊತ್ತು ಓಡುತ್ತದೆ ಅಷ್ಟೆ. ಇನ್ವರ್ಟರ್ ಎಸಿಯಲ್ಲಿ ವೇಗ ಬದಲಾಗುತ್ತದೆ, ನಿಜ. ಆದರೆ ಕಾದ ರೂಮಿನಲ್ಲಿ 25 ಇಟ್ಟರೂ ಮೊದಲು ಅದು ಜೋರಾಗಿಯೇ ಓಡುತ್ತದೆ. ರೂಮು ಆ ಮಟ್ಟಕ್ಕೆ ಬಂದ ಮೇಲೆ ನಿಧಾನವಾಗಿ, ಕಡಿಮೆ ಕರೆಂಟಿನಲ್ಲಿ ಓಡಬೇಕು. ಇನ್ವರ್ಟರ್‌ಗೆ ಜಾಸ್ತಿ ದುಡ್ಡು ಕೊಟ್ಟದ್ದು ಅದಕ್ಕೇ ಅಲ್ವಾ? 16 ಇಟ್ಟರೆ ನಿಧಾನವಾಗುವ ಹೊತ್ತೇ ಬರುವುದಿಲ್ಲ.

ಎರಡನೆಯದು ಕೊಳೆ. ನಮ್ಮ ರಸ್ತೆಗಳ ಕೆಂಪು ಧೂಳು ಒಳಗಿನ ಫಿಲ್ಟರ್ ಮೇಲೆ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಗಾಳಿಯೇ ಬರದಿದ್ದರೆ ತಂಪು ಎಲ್ಲಿಂದ ಬರಬೇಕು? ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆದು ಒಣಗಿಸಿ ಹಾಕಲು ನನ್ನನ್ನು ಕರೆಯುವ ಅಗತ್ಯವಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡಿ. ಹೊರಗಿನ ಯೂನಿಟ್‌ಗೂ ಉಸಿರಾಡಲು ಜಾಗ ಬೇಕು. ಚಂದ ಕಾಣಲ್ಲ ಅಂತ ಅದನ್ನು ಮುಚ್ಚಿದ ಯುಟಿಲಿಟಿಯೊಳಗೆ ಇಡಿಸುತ್ತಾರೆ. ಅದು ಬಿಟ್ಟ ಬಿಸಿಗಾಳಿಯನ್ನು ಅದೇ ಮತ್ತೆ ಎಳೆದುಕೊಂಡು ಒದ್ದಾಡುತ್ತದೆ.

ಮೂರನೆಯದು ಸೆಕೆ. ನಮ್ಮ ಕಡೆ ಮುಖ್ಯವಾದದ್ದು ಇದು. ಮಾರ್ಚ್‌ನಲ್ಲಿ ಬಿಸಿಲು ಒಣ ಬಿಸಿಲು. ಒಂದೆರಡು ಮಳೆ ಬಿದ್ದ ಮೇಲೆ, ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಥರ್ಮಾಮೀಟರ್ ಒಂದೆರಡು ಡಿಗ್ರಿ ಇಳಿದಿದ್ದರೂ ಮೈ ಅಂಟು ಅಂಟು. ಬೆವರು ಆರುವುದಿಲ್ಲ. ಆಗ ಜನ 18ಕ್ಕೆ ಇಳಿಸುತ್ತಾರೆ. ಬೇಕಾಗಿರುವುದು ಗಾಳಿಯ ತೇವ ತೆಗೆಯುವುದು. ಅಮೆರಿಕದಲ್ಲಿ 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಮೊದಲ ಎಸಿ ಯಂತ್ರ ರೂಪಿಸಿದ್ದೂ ಜನರನ್ನು ತಂಪಾಗಿಡಲಿಕ್ಕಲ್ಲ. ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕಾಗಿ. ನಿಮ್ಮ ರಿಮೋಟಿನಲ್ಲಿ ನೀರಿನ ಹನಿಯ ಚಿತ್ರ ಇರುವ ಡ್ರೈ ಮೋಡ್ ಆ ಕೆಲಸಕ್ಕೇ ಇರುವುದು. ಸೆಕೆ ಇದ್ದು ಬಿಸಿಲು ಕಡಿಮೆ ಇರುವ ದಿನ ಅದನ್ನು ಒತ್ತಿ ನೋಡಿ. ಹತ್ತು ಬೈ ಹನ್ನೆರಡರ ರೂಮಿಗೆ ಒಂದು ಟನ್ ಸಾಕಾದಲ್ಲಿ ಎರಡು ಟನ್ ಹಾಕಿಸಿಕೊಂಡವರಿಗೆ ಈ ಅಂಟು ಇನ್ನೂ ಜಾಸ್ತಿ. ದೊಡ್ಡ ಎಸಿ ರೂಮನ್ನು ಗಬಕ್ಕನೆ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ಎಳೆಯಲು ಅದಕ್ಕೆ ಹೊತ್ತು ಸಿಗುವುದಿಲ್ಲ. ಚಳಿಯೂ ಆಗುತ್ತದೆ, ಹಿತವೂ ಇರುವುದಿಲ್ಲ.

ಹಾಗಾದರೆ ಎಷ್ಟು ಇಡಬೇಕು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು: 26 ಇಡಿ, ಫ್ಯಾನ್ ಹಾಕಿ. ಎಸಿ ಹಾಕಿದ ತಕ್ಷಣ ಫ್ಯಾನ್ ಆರಿಸುವುದು ನಮ್ಮ ಊರಿನ ದೊಡ್ಡ ಅಭ್ಯಾಸ. ಫ್ಯಾನ್ ಗಾಳಿ ಮೈಗೆ ತಾಗುತ್ತಿದ್ದರೆ ಎರಡು ಮೂರು ಡಿಗ್ರಿ ಕಡಿಮೆ ಇದ್ದ ಹಾಗೆ ಅನ್ನಿಸುತ್ತದೆ. ಮಾಮೂಲಿ ಸೀಲಿಂಗ್ ಫ್ಯಾನ್ ಎಳೆಯುವುದು 75 ವ್ಯಾಟ್‌ನಷ್ಟು, ಹೊಸ ಬಿಎಲ್‌ಡಿಸಿ ಫ್ಯಾನ್ ಅದರ ಅರ್ಧವೂ ಇಲ್ಲ. ಒಂದೂವರೆ ಟನ್ ಎಸಿ ಜೋರಾಗಿ ಓಡುವಾಗ ಒಂದೂವರೆ ಸಾವಿರ ವ್ಯಾಟ್ ಹತ್ತಿರ ಎಳೆಯುತ್ತದೆ. ಒಂದು ಡಿಗ್ರಿ ಏರಿಸಿದರೆ ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಬಿಇಇ ಹೇಳುತ್ತದೆ. ಆ ಲೆಕ್ಕದಲ್ಲಿ 18ರಿಂದ 24ಕ್ಕೆ ಬಂದರೇ ಸುಮಾರು ಮೂರನೇ ಒಂದು ಭಾಗ ಉಳಿತಾಯ. ಮಗು, ಮುದುಕರು ಇರುವ ಮನೆಯಲ್ಲಿ ಒಂದು ಡಿಗ್ರಿ ಆಚೀಚೆ ಮಾಡಿಕೊಳ್ಳಿ. ದೇಹದ ಪ್ರಕೃತಿ ಎಲ್ಲರದ್ದೂ ಒಂದೇ ಇರಲ್ಲ.

ಇನ್ನೊಂದು ವಿಷಯ ಬೆಂಗಳೂರಿನವರಿಗೋ ದೆಹಲಿಯವರಿಗೋ ಬೇಗ ಹೊಳೆಯುವುದಿಲ್ಲ. ದೆಹಲಿಯಲ್ಲಿ ಮೇ, ಜೂನ್ ತಿಂಗಳ ರಾತ್ರಿಯೂ ಸುಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಕಡು ಬೇಸಿಗೆಯಲ್ಲೂ ಶಿವಮೊಗ್ಗದ ಬೆಳಗಿನ ಜಾವ ಹೊರಗಡೆ ಸಾಮಾನ್ಯವಾಗಿ 25ರ ಒಳಗೇ ಇರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಇನ್ನೂ ತಂಪು. ಅಂದರೆ ಬೆಳಗಿನ ಜಾವ ಎಸಿ ಕಷ್ಟಪಟ್ಟು ಮಾಡುತ್ತಿರುವ ತಂಪು ಕಿಟಕಿಯ ಆಚೆ ಬಿಟ್ಟಿ ಬಿದ್ದಿದೆ. ನಾವು ಕಿಟಕಿ ಮುಚ್ಚಿ, ಪರದೆ ಎಳೆದು, ಗೋಡೆಯ ಹೊರಗಿನ ಯೂನಿಟ್ ಗರಗರ ಅನ್ನಿಸುತ್ತಾ ಮಲಗಿರುತ್ತೇವೆ.

ಕಿಟಕಿ ತೆಗೆಯಿರಿ ಅಂತ ಸುಮ್ನೆ ಹೇಳಿದರೆ ಯಾರೂ ತೆಗೆಯುವುದಿಲ್ಲ, ನನಗೂ ಗೊತ್ತು. ಸೊಳ್ಳೆ. ಕೆಲವು ಬಡಾವಣೆಯಲ್ಲಿ ಚರಂಡಿ ನಾತ. ಕೆಳಗಿನ ಮನೆಯವರಿಗೆ ಕಳ್ಳರ ಭಯ, ಊರಾಚೆ ಮಂಗ. ಎಸಿಗೆ ನಲವತ್ತು ಸಾವಿರ ಕೊಡುವವರು ಕಿಟಕಿಗೆ ಒಳ್ಳೆಯ ಸೊಳ್ಳೆ ಮೆಶ್ ಹಾಕಿಸಲು ಹಿಂದೆ ಮುಂದೆ ನೋಡುತ್ತಾರೆ. ಮೆಶ್ ಹಾಕಿಸಿ, ಎಸಿಗೆ ಟೈಮರ್ ಇಟ್ಟು ನೋಡಿ. ಹತ್ತಕ್ಕೆ ಹಾಕಿ ಎರಡಕ್ಕೆ ನಿಲ್ಲುವ ಹಾಗೆ. ಬೆಳಗ್ಗೆ ಗಂಟಲು ಕೆರೆತ ಅಂತ ಎದ್ದೇಳುವುದೂ ತಪ್ಪಬಹುದು. ಅಂದಹಾಗೆ, ಆರಿಸುವ ಮುಂಚೆ ಹದಿನೈದು ನಿಮಿಷ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿದರೆ ಒಳಗಿನ ಕಾಯಿಲ್ ಒಣಗುತ್ತದೆ. ಒದ್ದೆ ಕಾಯಿಲ್‌ಗೆ ಬೂಸ್ಟು ಹಿಡಿದು ವಾಸನೆ ಬರುವುದು ಮಲೆನಾಡಿನ ಎಸಿಗಳ ಖಾಯಂ ರೋಗ. ನನಗೆ ಅದರಿಂದ ವ್ಯಾಪಾರ ಇದೆ, ಆದರೂ ಹೇಳುತ್ತಿದ್ದೇನೆ.

ಈಗ ಸಚಿವರು ಸ್ವಲ್ಪ ಕಿವಿಗೊಟ್ಟು ಕೇಳಬೇಕಾದ ಜಾಗ: ಸೂರು.

ರಾತ್ರಿ ಹತ್ತು ಗಂಟೆಗೆ ಮಹಡಿ ರೂಮಿಗೆ ಹೋಗಿ ಕೈ ಎತ್ತಿ ಸೀಲಿಂಗ್ ಮುಟ್ಟಿ ನೋಡಿದ್ದೀರಾ? ಏಣಿ ಹತ್ತುವ ಕೆಲಸ ನನ್ನದು, ಹಾಗಾಗಿ ನಾನು ದಿನಾ ಮುಟ್ಟುತ್ತೇನೆ. ಇಡೀ ದಿನ ಬಿಸಿಲು ಕುಡಿದ ಆರ್‌ಸಿಸಿ ನಡುರಾತ್ರಿಯವರೆಗೂ ಒಳಗೆ ಕಾವು ಬಿಡುತ್ತಿರುತ್ತದೆ. ಗಾಳಿ 24ಕ್ಕೆ ಬಂದಿದ್ದರೂ ತಲೆ ಮೇಲಿನ ಆ ಕಾವು ಮೈಗೆ ನೇರವಾಗಿ ತಾಗುತ್ತದೆ. ಅದಕ್ಕೇ ಮನೆಯವರು 18ಕ್ಕೆ ಇಳಿಸುವುದು. ಅವರ ಮೈ ಸುಳ್ಳು ಹೇಳುತ್ತಿಲ್ಲ, ನಿಜಕ್ಕೂ ಬಿಸಿ ಇದೆ.

ಇಲ್ಲೊಂದು ಸ್ವಾರಸ್ಯ ನೋಡಿ. ನಮ್ಮ ಕಡೆ ಟೆರೇಸ್ ಸೋರುತ್ತದೆ ಅಂತ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕಿಸುವುದು ರೂಢಿ. ಅಡಿಕೆ, ಕಾಳು, ಬಟ್ಟೆ ಒಣಗಿಸಲೂ ಆಗುತ್ತದೆ. ಮಳೆಗೆ ಅಂತ ಹಾಕಿಸಿದ ಆ ಶೀಟು ಬೇಸಿಗೆಯಲ್ಲಿ ಸ್ಲ್ಯಾಬಿಗೆ ನೆರಳು. ಶೀಟ್ ಇರುವ ಮನೆಯ ಮಹಡಿ ರೂಮಿಗೂ ಇಲ್ಲದ ಮನೆಯ ರೂಮಿಗೂ ಒಳಗೆ ಕಾಲಿಟ್ಟ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಅಂಥ ಮನೆಯವರು 26ರಲ್ಲಿ ಆರಾಮಾಗಿರುತ್ತಾರೆ. ಒಂದೇ ಷರತ್ತು, ಸುತ್ತ ತೆರೆದಿರಬೇಕು, ಗಾಳಿ ಓಡಾಡಬೇಕು. ಸುತ್ತಲೂ ಗೋಡೆ ಕಟ್ಟಿ ಬಾಡಿಗೆಗೆ ರೂಮು ಮಾಡಿಬಿಟ್ಟರೆ ಅದು ಒಲೆ. ಶೀಟಿಗೆ ದುಡ್ಡಿಲ್ಲದವರು ಟೆರೇಸಿಗೆ ಬಿಳಿ ಬಣ್ಣ ಬಳಿಸಿದರೂ ಕಾವು ಇಳಿಯುತ್ತದೆ. ನಮ್ಮ ಮಳೆಗೆ ಎರಡು ಮೂರು ವರ್ಷಕ್ಕೆ ಪಾಚಿ ಹಿಡಿದು ಕಪ್ಪಾಗುತ್ತದೆ, ತೊಳೆದು ಮತ್ತೆ ಬಳಿಯಬೇಕು. ಹಾಗಂತ ಹೆಂಚಿನ ಮನೆಗೆ ವಾಪಸ್ ಹೋಗಿ ಅಂತ ಉಪದೇಶ ಮಾಡುವವನು ನಾನಲ್ಲ. ಮಂಗ ಕುಣಿದು ಹೆಂಚು ಒಡೆದಾಗ ಮಳೆಗಾಲದಲ್ಲಿ ಪಾತ್ರೆ ಇಟ್ಟುಕೊಂಡು ಕೂತವರಿಗೆ ಆ ಸುಖ ಗೊತ್ತು.

ಸರ್ಕಾರದ ನಿಯಮ ಇಲ್ಲಿಗೆ ಮುಟ್ಟುವುದೇ ಇಲ್ಲ ಅನ್ನುವುದು ನನ್ನ ದೂರು. ಮನೆಗಳ ಗೋಡೆ, ಸೂರು ಎಷ್ಟು ಕಾವು ಒಳಗೆ ಬಿಡಬಹುದು ಅಂತ ಬಿಇಇ 2018ರಲ್ಲೇ ಇಕೋ ನಿವಾಸ ಸಂಹಿತೆ ತಂದಿದೆ. ಆಗ ಅದು ಬಂದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಜಾಗದಲ್ಲಿ ಕಟ್ಟುವವರಿಗೆ. ನಮ್ಮೂರಿನ ಥರ್ಟಿ ಫಾರ್ಟಿ ಸೈಟು ಬರೀ 111 ಚದರ ಮೀಟರ್. ಶಿವಮೊಗ್ಗದ ಬಡಾವಣೆಗಳಲ್ಲಿ ಎಸಿ ಹಾಕಿಸುವ ಹೆಚ್ಚಿನ ಮನೆಗಳು ಈ ಅಳತೆಯವೇ. ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿ ಅಂತಲೇ ಒಂದು ಮಾಡಿದೆ. ನಾವೂ ಮಾಡಬಹುದು. ಮನೆ ಕಟ್ಟಲು ಲೈಸೆನ್ಸ್ ಕೊಡುವಾಗ ಸೂರಿನ ಮೇಲೆ ಬಿಳಿ ಬಣ್ಣವೋ, ನೆರಳಿನ ಶೀಟೋ, ಯಾವುದಾದರೂ ಒಂದನ್ನು ಕೇಳಿ. ಸಣ್ಣ ಮನೆಯವರಿಗೆ ಸ್ವಲ್ಪ ಸಹಾಯಧನ ಕೊಡಿ. ಇದು ನಿಮ್ಮ ಇಲಾಖೆಯ ಕೈಲಿ ಇಲ್ಲ ಅಂದರೆ ಯಾರ ಕೈಲಿ ಇದೆಯೋ ಅವರ ಜೊತೆ ಕೂತು ಮಾತಾಡಿ.

ಬಿಲ್ಲಿನ ಮಾತಿಗೆ ಬರುತ್ತೇನೆ. ಗೃಹಜ್ಯೋತಿಯಲ್ಲಿ ನನ್ನಂಥವರಿಗೆ ಅನುಕೂಲ ಆಗಿದೆ, ಅದನ್ನು ಹೇಳಲೇಬೇಕು. ಆದರೆ ಅದರಲ್ಲಿ 200 ಯೂನಿಟ್ ಅನ್ನುವ ಒಂದು ಅಂಚು ಇದೆ. ಹಿಂದಿನ ಸರಾಸರಿ ಬಳಕೆ ನೋಡಿ ಪ್ರತಿ ಮನೆಗೆ ಇಷ್ಟು ಯೂನಿಟ್ ಉಚಿತ ಅಂತ ಗೊತ್ತು ಮಾಡಿದ್ದಾರೆ. ಅದನ್ನು ದಾಟಿ 200ರವರೆಗೆ ಹೋದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್.

90 ಯೂನಿಟ್ ಉಚಿತ ಇರುವ ಒಂದು ಮನೆ ಇಟ್ಟುಕೊಳ್ಳಿ. ಎಸಿ ಬಿಟ್ಟು ಉಳಿದದ್ದಕ್ಕೆ ಆ 90 ಸರಿ ಹೋಗುತ್ತದೆ. ಏಪ್ರಿಲ್‌ನಲ್ಲಿ 18ಕ್ಕೆ ಇಟ್ಟು ಪ್ರತಿ ರಾತ್ರಿ ಆರು ಗಂಟೆ ಹೊತ್ತು ಎಸಿ ಓಡಿಸಿದರು. ಗಂಟೆಗೆ 0.8 ಯೂನಿಟ್ ಅಂತ ಹಿಡಿದರೂ ತಿಂಗಳಿಗೆ 144. ಒಟ್ಟು 234. ಯೂನಿಟ್‌ಗೆ ಆರು ರೂಪಾಯಿ ಹತ್ತಿರ ಅಂದುಕೊಂಡರೆ, ಬೇರೆ ಚಾರ್ಜು ಬಿಟ್ಟು, 1,400 ರೂಪಾಯಿ. ಅದೇ ಮನೆ 26ಕ್ಕೆ ಇಟ್ಟು, ಫ್ಯಾನ್ ಹಾಕಿ, ಟೈಮರ್‌ನಲ್ಲಿ ನಾಲ್ಕು ಗಂಟೆ ಓಡಿಸಿದರೆ, ಗಂಟೆಗೆ 0.6 ಅಂತ ಧಾರಾಳವಾಗಿಯೇ ಹಿಡಿಯೋಣ, ತಿಂಗಳಿಗೆ 72. ಒಟ್ಟು 162. ಕಟ್ಟಬೇಕಾದದ್ದು ಹೆಚ್ಚಾದ 72 ಯೂನಿಟ್‌ಗೆ ಮಾತ್ರ, 430 ರೂಪಾಯಿ ಚಿಲ್ಲರೆ. ಎಸಿಯ ಮಾದರಿ, ರೂಮಿನ ಅಳತೆ ನೋಡಿಕೊಂಡು ಈ ಅಂಕಿ ಹೆಚ್ಚು ಕಡಿಮೆ ಆಗಬಹುದು. ಆದರೆ 1,400 ಮತ್ತು 430ರ ನಡುವಿನ ಅಂತರ ನೋಡಿದರೆ ಯಾರೂ 18ರಲ್ಲಿ ಇಡುವುದಿಲ್ಲ. ಜನಕ್ಕೆ ಈ ಲೆಕ್ಕವನ್ನು ಯಾರೂ ಹೇಳಿಕೊಟ್ಟಿಲ್ಲ. ಅವರಿಗೆ ಗೊತ್ತಾಗುವುದು ಮೀಟರ್ ರೀಡರ್ ಚೀಟಿ ಹರಿದು ಕೈಗೆ ಕೊಟ್ಟಾಗ. ಆಗ ಅವರು ಮೀಟರಿನ ಮೇಲೆ ಅನುಮಾನ ಪಡುತ್ತಾರೆ. ಆಮೇಲೆ ನನ್ನ ಮೇಲೆ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ತುಂಬಾ ಸಣ್ಣದು. ಫೆಬ್ರವರಿಯಿಂದ ಮೇವರೆಗಿನ ಬಿಲ್ ಚೀಟಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿಸಿ: ಎಸಿ 26ಕ್ಕೆ ಇಡಿ, ಫ್ಯಾನ್ ಹಾಕಿ, ರಾತ್ರಿ ಟೈಮರ್ ಬಳಸಿ. ಅದರ ಕೆಳಗೆ, ನಿಮ್ಮ ಉಚಿತ ಮಿತಿ ಇಷ್ಟು, 200 ದಾಟಿದರೆ ಪೂರ್ತಿ ಬಿಲ್ ಇಷ್ಟಾಗಬಹುದು ಅಂತ ರೂಪಾಯಿಯಲ್ಲಿ. ಹೊಸ ಸ್ಮಾರ್ಟ್ ಮೀಟರ್ ಹಾಕಿದ ಮನೆಗಳಿಗೆ 150 ಯೂನಿಟ್ ಮುಟ್ಟಿದಾಗ ಒಂದು ಮೆಸೇಜ್ ಕಳಿಸಿ. ಎಸಿ ಮಾರುವ ಅಂಗಡಿಯವರು ಸ್ಟಾರ್ ಚೀಟಿ ತೋರಿಸುತ್ತಾರೆ, ಕಂತು ಹೇಳುತ್ತಾರೆ, ಈ ಲೆಕ್ಕ ಹೇಳುವುದಿಲ್ಲ.

ಸರ್ಕಾರಿ ಕಚೇರಿಗಳನ್ನೂ ಸ್ವಲ್ಪ ನೋಡಿ. ಮಧ್ಯಾಹ್ನ ಹೊರಗೆ ಕ್ಯೂನಲ್ಲಿ ಜನ ಬೆವರು ಒರೆಸಿಕೊಳ್ಳುತ್ತಿರುತ್ತಾರೆ, ಒಳಗೆ ಸಾಹೇಬರ ಕೋಣೆಯಲ್ಲಿ ಕಾಗದ ಕೊಡಲು ಹೋದವರಿಗೆ ನಡುಕ. ಜಪಾನ್ ಸರ್ಕಾರ 2005ರಲ್ಲಿ ಬೇಸಿಗೆಗೆ ಕಚೇರಿಗಳಲ್ಲಿ 28 ಇಡಿ, ಕೋಟು, ಟೈ ಬಿಟ್ಟು ಬನ್ನಿ ಅಂತ ಹೇಳಿತು. ನಮ್ಮವರಿಗೆ ಕೋಟು, ಟೈ ಬಿಡುವ ಕಷ್ಟವೂ ಇಲ್ಲ. 26ರಿಂದ ಶುರು ಮಾಡಲಿ.

ಇದನ್ನೆಲ್ಲ ಶಿವಮೊಗ್ಗದವನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದಾನೆ ಅಂದರೆ, ರಾಜ್ಯದ ಕರೆಂಟಿನ ಒಂದು ದೊಡ್ಡ ಪಾಲು ಬಂದದ್ದು ನಮ್ಮ ಜಿಲ್ಲೆಯ ನೀರಿನಿಂದ. 1948ರಲ್ಲಿ ಜೋಗದಲ್ಲಿ ಕರೆಂಟ್ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. ಶರಾವತಿ ವಿದ್ಯುದಾಗಾರ ಈಗಲೂ 1,035 ಮೆಗಾವ್ಯಾಟ್‌ನದ್ದು, ಹತ್ತು ಟರ್ಬೈನ್. ಅದಕ್ಕಾಗಿ ಮನೆ, ಗದ್ದೆ, ತೋಟ ಬಿಟ್ಟು ಎದ್ದವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿದ್ದಾರೆ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಕರೆಂಟ್ ಸಾಕಷ್ಟು ಇರುವಾಗ ಗೇರುಸೊಪ್ಪ ಜಲಾಶಯದ ನೀರನ್ನು ಮೇಲೆ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ಕರೆಂಟ್ ಮಾಡುವುದು. ಸಿಂಗಳೀಕಗಳ ಕಾಡು ಅಲ್ಲಿದೆ. ಆ ಯೋಜನೆ ಬೇಕೋ ಬೇಡವೋ ಅಂತ ವಾದ ಮಾಡುವವರು ನನಗಿಂತ ಬಲ್ಲವರು ಇದ್ದಾರೆ. ನನಗೆ ಗೊತ್ತಿರುವುದು, ಬೇಡಿಕೆ ಏರುವ ಆ ಹೊತ್ತಿನಲ್ಲಿ ಮಲಗುವ ಕೋಣೆಯ ಎಸಿಗಳದ್ದೂ ಒಂದು ಪಾಲು ಇದೆ.

ಸುಮ್ನೆ ಒಂದು ಲೆಕ್ಕ ಹಾಕಿ. ರಾಜ್ಯದಲ್ಲಿ ಹತ್ತು ಲಕ್ಷ ಎಸಿ ಒಂದೇ ಹೊತ್ತಿಗೆ ಓಡುತ್ತಿವೆ ಅಂದುಕೊಳ್ಳೋಣ. ಒಂದೊಂದೂ 300 ವ್ಯಾಟ್ ಕಡಿಮೆ ಎಳೆದರೆ 300 ಮೆಗಾವ್ಯಾಟ್ ಉಳಿಯಿತು. ಶರಾವತಿಯ ಹತ್ತು ಟರ್ಬೈನ್‌ಗಳಲ್ಲಿ ಹೆಚ್ಚು ಕಡಿಮೆ ಮೂರರ ಕೆಲಸ ಅದು. ಹೊಸ ಸುರಂಗ ಕೊರೆಯುವ ಮುಂಚೆ ಇಷ್ಟನ್ನು ಮಾಡಿ ನೋಡಿದ್ದೀರಾ ಅಂತ ಕೇಳುವ ಹಕ್ಕು ಈ ಜಿಲ್ಲೆಯವರಿಗೆ ಇದೆ ಅಂದುಕೊಂಡಿದ್ದೇನೆ.

ಊರಿನವರಿಗೂ ಒಂದು ಮಾತು. ಕೂಲಿಂಗ್ ಇಲ್ಲ ಅಂತ ನನಗೆ ಫೋನ್ ಮಾಡುವ ಮುಂಚೆ ಫಿಲ್ಟರ್ ತೊಳೆದು, 26ಕ್ಕೆ ಇಟ್ಟು, ಫ್ಯಾನ್ ಹಾಕಿ ಒಂದು ರಾತ್ರಿ ಮಲಗಿ ನೋಡಿ. ಆಗಲೂ ಸಾಲದಿದ್ದರೆ ಕರೆಯಿರಿ, ಗ್ಯಾಸ್ ಇದೆಯಾ ಅಂತ ಚೆಕ್ ಮಾಡುತ್ತೇನೆ. ಅದರ ಜೊತೆಗೆ ಟೆರೇಸಿಗೂ ಒಮ್ಮೆ ಹತ್ತಿ ನೋಡೋಣ.

ಸಚಿವರೇ, ಮುಂದಿನ ಬೇಸಿಗೆಯ ಬಿಲ್ ಚೀಟಿಯ ನಮೂನೆ ಜನವರಿಯೊಳಗೆ ಸಿದ್ಧವಾದರೆ ಸಾಕು. ಸಾಲಿನ ಒಕ್ಕಣೆ ಹೇಗಿರಬೇಕು ಅಂತ ಮೇಲೆ ಬರೆದಿದ್ದೇನೆ. ಬೇಕಾದರೆ ತಿದ್ದಿಕೊಳ್ಳಿ.

ಇತಿ ನಿಮ್ಮ,
ಎಸಿ ರಿಪೇರಿಯವನು,
ಶಿವಮೊಗ್ಗ